ಬಂದಿಲ್ಲ ಅಂದವಳ ಅರ್ಜಿ

ಹೊಳೆದಂಡೆಯ ಮಠದ ಅಜ್ಜಾರು ಊರವರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದರು. ಆ ಕೆಲಸ ತನ್ನ ಕೈಗೆ ಬರಬೇಕೆಂದು ಶಿಷ್ಯ ಸಂಗನಬಸುವಿಗೆ ಬಹಳ ಆಸೆ. ಕಲಿತವರೂ ಅದಲುಬದಲು ಮಾಡುವ ಇಂಗ್ಲಿಷ್ ಶಬ್ದಗಳು ಇರುತ್ತವಲ್ಲ, ಅಂಥ ಮುನ್ನೂರು ಜೋಡಿ ಅವನಿಗೆ ಬಾಯಿಪಾಠ.

"ಅಡ್ವೈಸು, ಅಡ್ವೈಜು?" ಅಜ್ಜಾರು ಕೇಳಿದರು.

"ಒಂದು ಬುದ್ಧಿಮಾತು ರೀ, ಇನ್ನೊಂದು ಬುದ್ಧಿ ಹೇಳೂದು."

"ಅಫೆಕ್ಟು, ಎಫೆಕ್ಟು?"

ಅದಕ್ಕೂ ತಡವರಿಸಲಿಲ್ಲ.

"ಭೇಷ್. ಇವತ್ತಿನ ಅರ್ಜಿ ನೀನ ಬರಿ. ಸರಿ ಬಂದ್ರ ಪೆನ್ನು ನಿಂದು."

ಸಂಗನಬಸು ಹಿಗ್ಗಿ ಹೀರೇಕಾಯಿಯಾದ.

ಅರ್ಜಿಗೆ ಬಂದವಳು ಹುಲಿಗೆವ್ವ. ಮನೆಯಲ್ಲಿ ಅವಳು, ಅವಳ ಅತ್ತೆ, ಇಬ್ಬರೇ. ಗಂಡ ಯಂಕಪ್ಪ ಗುಜರಾತಿಗೆ ಹೋಗಿ ಮೀನು ಹಿಡಿಯುವ ಬೋಟಿನಲ್ಲಿ ಕೂಲಿಗಿದ್ದ. ಮೂರು ವರ್ಷದ ಹಿಂದೆ ಬಿರುಗಾಳಿಗೆ ಸಿಕ್ಕ ಬೋಟು ತಿರುಗಿ ಬರಲಿಲ್ಲ. ಅವನನ್ನು ಹುಡುಕಿಸಿಕೊಡಿ ಎಂದು ಅಲ್ಲಿನ ಪೊಲೀಸರಿಗೆ ಬರೆಯಬೇಕಿತ್ತು.

ಸಂಗನಬಸು ಒಂದೇ ಉಸಿರಿಗೆ ಬರೆದ. ಒಂದಕ್ಷರ ತಪ್ಪಿಲ್ಲ. ಅವಳ ಹೆಬ್ಬೆಟ್ಟಿಗೆ ಮಸಿ ಹಚ್ಚಿದ.

"ತಡಿ, ಓದಿ ಹೇಳು" ಎಂದರು ಅಜ್ಜಾರು. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳದೆ ಯಾರ ಹೆಬ್ಬೆಟ್ಟನ್ನೂ ಒತ್ತಿಸಬಾರದು. ಅದು ಆ ಮಠದ ಕಟ್ಟಳೆ.

ಸಂಗನಬಸು ಓದಿದ: "ತೀರಿಹೋದ ನನ್ನ ಗಂಡ ಯಂಕಪ್ಪನ ಬಗ್ಗೆ..."

ಹುಲಿಗೆವ್ವ ಸರಕ್ಕನೆ ಕೈ ಹಿಂದಕ್ಕೆಳೆದಳು. ಮಸಿ ಸೀರೆಗೆ ತಾಗಿತು.

"ತೀರಿಹೋದ್ರು ಅಂತ ನಾ ಯಾವಾಗ ಅಂದೆ? ಬಂದಿಲ್ಲ ಅಂದೆ."

"ಮೂರು ವರ್ಷ ಆತಲ್ಲಬೇ ಯವ್ವಾ. ಎರಡೂ ಒಂದ."

"ಹಂಗ ಬರದ್ರ ಅವರನ್ನ ಯಾರು ಹುಡುಕ್ತಾರಪ್ಪ?"

ಅವಳ ಹಣೆಯ ಕುಂಕುಮ, ಕೈಯ ಹಸಿರು ಬಳೆ ಮುನ್ನೂರು ಜೋಡಿ ಬಿಡಿಸಿಟ್ಟ ಪಂಡಿತನ ಕಣ್ಣಿಗೆ ಆಗಷ್ಟೇ ಬಿದ್ದವು.

ಅರ್ಜಿ ಹರಿದು ಹೊಸ ಕಾಗದ ತೆಗೆದುಕೊಂಡ.

"ತಪ್ಪಾತ್ರಿ ಅಜ್ಜಾರ. ಈ ಎರಡರ ಫರಕು ಯಾವ ಪುಸ್ತಕದಾಗ ಐತ್ರಿ?"

ಅಜ್ಜಾರು ಅವನ ಕೈಯಿಂದ ಪೆನ್ನು ತೆಗೆದುಕೊಂಡು ಜೋಳಿಗೆಗೆ ಹಾಕಿಕೊಂಡರು.

"ಉಣ್ಣೂ ಹೊತ್ತಿಗೆ ಈ ತಾಯಿ ಮನಿಗೆ ಹೋಗು. ಎಷ್ಟು ತಾಟು ಇಡ್ತಾಳ, ನೋಡ್ಕೊಂಡು ಬಾ. ಆಮ್ಯಾಲೆ ಪೆನ್ನು ಕೇಳು."