ಕುಲುಮೆಯ ಉಪವಾಸ

ಸೌದೆ ಉರಿಸಿ ಊರಿಗೆಲ್ಲ ಕರೆಂಟು ಕೊಡುತ್ತಿದ್ದ ಕುಲುಮೆಯ ಹೊಟ್ಟೆ ಅಂದು ಖಾಲಿಯಾಗಿತ್ತು. ತೋಪಿಗೆ ಹೊರಟ ಕೊಡಲಿ, "ಕೊಂಬೆ ಸವರುತ್ತ ಕೂತರೆ ಹೊತ್ತಾಗುತ್ತದೆ. ಬುಡಕ್ಕೇ ಏಟು ಹಾಕಿ ಮರವನ್ನೇ ತರುತ್ತೇನೆ," ಎಂದಿತು.

"ಬುಡ ಕಡಿದು ತಂದರೆ ನಾನು ಬಾಯಿ ತೆರೆಯುವುದಿಲ್ಲ," ಎಂದಿತು ಕುಲುಮೆ.

"ದೀಪ ಆರಿದರೆ ಊರವರು ಬೈಯುವುದು ನಿನ್ನನ್ನೇ."

"ಬೈಯಲಿ. ಇವತ್ತಿನ ಕತ್ತಲೆ ನಾಳೆ ಕಳೆಯುತ್ತದೆ. ತೋಪೇ ಬರಿದಾದರೆ ನಾಳೆ ಏನು ಉರಿಸಲಿ?"

ಕೊಡಲಿ ಕೇಳದೆ ಒಂದು ಮರ ಉರುಳಿಸಿ ತಂದಿತು. ಕುಲುಮೆ ಮುಟ್ಟಲಿಲ್ಲ. ದೀಪಗಳು ಆರಿದವು, ಹಿಟ್ಟಿನ ಗಿರಣಿ ನಿಂತಿತು. ಊರಿನ ಬೈಗುಳವನ್ನೆಲ್ಲ ಕುಲುಮೆ ಹಸಿದುಕೊಂಡೇ ಕೇಳಿಸಿಕೊಂಡಿತು.

ಮರುದಿನ ಕೊಡಲಿ ಕೊಂಬೆಗಳನ್ನಷ್ಟೇ ತಂದಿತು. ಮಳೆ ಬಿದ್ದಾಗ ಕೊಂಬೆ ಕಳೆದುಕೊಂಡ ಮರಗಳೆಲ್ಲ ಚಿಗುರಿದವು. ಅಂದು ಉರುಳಿಸಿದ ಮರದ ಜಾಗ ಮಾತ್ರ ಬರಿದಾಗಿಯೇ ಉಳಿಯಿತು; ಕೊಡಲಿ ಪ್ರತಿ ಸಲವೂ ಅದನ್ನು ತುಳಿಯದೆ ಸುತ್ತು ಹಾಕಿಕೊಂಡು ಹೋಗುತ್ತಿತ್ತು.