ಕುಂಬಳಕಾಯಿಗೇ ದೃಷ್ಟಿ ತಾಗಿದರೆ

ಮಕ್ಕಳೇ, ಈ ಕತೆಯಲ್ಲಿ ಒಂದಕ್ಷರ ಸುಳ್ಳಿಲ್ಲ. ಬೇಕಾದರೆ ಇವತ್ತು ಮಧ್ಯಾಹ್ನ ಉಂಡ ಮುದ್ದೆಯ ಮೇಲೆ ಆಣೆ ಇಡುತ್ತೇನೆ. ಮುದ್ದೆ ಬಲು ಚೆನ್ನಾಗಿತ್ತು, ಸುಳ್ಳಾಣೆಗೆ ಅದನ್ನು ಹಾಳು ಮಾಡುವವನು ನಾನಲ್ಲ.

ನೆಲ್ಲಿಕೊಪ್ಪಲಿನಲ್ಲಿ ದೊಡ್ಡೀರಯ್ಯ ಎಂಬ ರೈತನಿದ್ದ. ಹೊಲದಲ್ಲಿ ಬೂದುಗುಂಬಳ ಬೆಳೆಯುತ್ತಿದ್ದ, ಊರಲ್ಲಿ ಮಾತು ಬೆಳೆಸುತ್ತಿದ್ದ. ಮಗಳು ಪುಟ್ಟಲಕ್ಷ್ಮಿಯ ಮದುವೆ ನಿಶ್ಚಯವಾದ ದಿನ ಬೀಗರ ಮುಂದೆ ಎದೆ ತಟ್ಟಿ ಹೇಳಿಬಿಟ್ಟ: "ಮದುವೆ ದಿನ ನಿಮ್ಮ ಎಲೆಗೆ ಬೀಳೋ ಕಾಶಿ ಹಲ್ವ ನಮ್ಮ ಹೊಲದ ಕುಂಬಳದ್ದೇ. ಹೊರಗಿಂದ ಒಂದೇ ಒಂದು ಕಾಯಿ ತಂದರೂ ಅವತ್ತು ಎಂಜಲೆಲೆ ಎತ್ತೋನು ನಾನೇ!"

ಬೀಗರೂ ಕಮ್ಮಿಯೇನಲ್ಲ. "ಆಗಲಿ ಬೀಗರೇ. ಎಲೆ ಮಾತ್ರ ದೊಡ್ಡದಾಗಿ ಹಾಕಿಸಿ" ಎಂದರು.

ಬಳ್ಳಿ ಹಬ್ಬಿತು. ಎಲೆ ಎಷ್ಟು ಅಗಲವೆಂದರೆ, ಮಳೆ ಹನಿದರೆ ಎತ್ತುಗಳು ಜೋಡಿಯಾಗಿ ಅದರಡಿ ನಿಲ್ಲುತ್ತಿದ್ದವು. ದೊಡ್ಡೀರಯ್ಯ ದಿನಾ ಬದುವಿನ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತು ದಾರಿಹೋಕರಿಗೆಲ್ಲ ಹೊಲ ತೋರಿಸುತ್ತಿದ್ದ. ತಾನು ಮಾತ್ರ ಒಳಗೆ ಇಳಿಯುತ್ತಿರಲಿಲ್ಲ. ಬದುವಿನಿಂದಲೇ ಅಷ್ಟು ಚೆಂದ ಕಾಣುವಾಗ ಇಳಿಯುವುದೇಕೆ?

ಅಷ್ಟರಲ್ಲಿ ಎಲೆಗಳು ಜರಡಿಯಂತೆ ತೂತಾದವು. ಹೀಚುಗಾಯಿಗಳು ಹಳದಿಗಟ್ಟಿ ಕೊಳೆತು ಉದುರತೊಡಗಿದವು. ದೊಡ್ಡೀರಯ್ಯನ ಕಣ್ಣಿಗೆ ಎಂಜಲೆಲೆಗಳ ಸಾಲೇ ಕಂಡಿತು.

"ಒಳಗಿಳಿದು ಒಂದ್ಸಲ ಎಲೆ ಮಗುಚಿ ನೋಡಬಾರದಾ?" ಎಂದಳು ಹೆಂಡತಿ ಜವರಮ್ಮ.

"ಎಲೆಯಡಿ ಏನದೆ? ಇದು ದೃಷ್ಟಿ ಕಣೇ! ಇಂಥ ಬೆಳೆಗೆ ದೃಷ್ಟಿ ತಾಗದೆ ಇನ್ನೇನು? ನನ್ನ ಚಿಂತೆ ಅದಲ್ಲ. ಮನೆಗೆ ದೃಷ್ಟಿ ತಾಗದಂಗೆ ಕುಂಬಳಕಾಯಿ ಕಟ್ತಾರೆ. ಕುಂಬಳಕಾಯಿಗೇ ದೃಷ್ಟಿ ತಾಗಿದರೆ ಏನು ಕಟ್ಟೋದು?"

"ನಿಮ್ಮನ್ನೇ ಕಟ್ಟೋಣ. ಗಾತ್ರ ಸರಿಹೋಗ್ತದೆ."

ದೊಡ್ಡೀರಯ್ಯನ ಅನುಮಾನ ಪಕ್ಕದ ಹೊಲದ ಮರಿಗುಡ್ಡಯ್ಯನ ಮೇಲೆ. ಅವನು ದಿನಾ ಬೆಳಗ್ಗೆ ಡೈರಿಗೆ ಹಾಲು ಒಯ್ಯುವಾಗ ಬದುವಿನಲ್ಲಿ ನಿಂತು, "ಆಹಾಹಾ, ಏನು ಬಳ್ಳಿ, ಏನು ಬಳ್ಳಿ!" ಎನ್ನುತ್ತಿದ್ದ. ಅದೇ ಕಣ್ಣು! ಅವನನ್ನು ಹಿಡಿದೇ ತೀರಬೇಕೆಂದು ಮಾರನೆಯ ದಿನ ಕೋಳಿ ಕೂಗುವ ಹೊತ್ತಿಗೆ ದೊಡ್ಡೀರಯ್ಯ ಬದುವಿನ ಪಕ್ಕದ ಬಳ್ಳಿಯಡಿ ಬೋರಲು ಮಲಗಿದ.

ಮರಿಗುಡ್ಡಯ್ಯ ಬಂದ. ಕ್ಯಾನು ಕೆಳಗಿಟ್ಟ. "ಆಹಾಹಾ..." ಎಂದನೋ ಇಲ್ಲವೋ, ಬಳ್ಳಿಯೊಳಗಿಂದ ದೊಡ್ಡೀರಯ್ಯ ಕರಡಿಯಂತೆ ಎದ್ದ. ಎಲೆಗಳು ಎದ್ದವು, ಹೂವು ಎದ್ದವು, ಮಣ್ಣೂ ಎದ್ದಿತು.

"ಕುಂಬಳಕಾಯಿ ಕಳ್ಳಾ!"

ಮರಿಗುಡ್ಡಯ್ಯ ಬೆಚ್ಚಿಬಿದ್ದು ತನ್ನ ಹೆಗಲನ್ನು ಪಟ್ಟನೆ ಹೊಡೆದುಕೊಂಡ.

"ಮುಟ್ಟಿಕೊಂಡ! ಹೆಗಲು ಮುಟ್ಟಿಕೊಂಡ!" ದೊಡ್ಡೀರಯ್ಯ ಕುಣಿದಾಡಿದ. "ಗಾದೆ ಸುಳ್ಳಾಗ್ತದಾ? ಸಿಕ್ಕಿಬಿದ್ದೆ ನೋಡು!"

"ಥೂ ನಿನ್ನ, ಹುಳ ಬಿತ್ತು ಮಾರಾಯ!" ಮರಿಗುಡ್ಡಯ್ಯ ಅಂಗೈ ಬಿಡಿಸಿ ತೋರಿಸಿದ. ಅಲ್ಲೊಂದು ಕೆಂಪು ದುಂಬಿ. "ಇಗೋ ನಿನ್ನ ಕಳ್ಳ. ಮುಟ್ಟಿಕೊಳ್ಳೋಣ ಅಂದ್ರೆ ಪಾಪ ಇದಕ್ಕೆ ಹೆಗಲಿಲ್ಲ. ನಿನ್ನ ಹೆಗಲು ನೋಡ್ಕೋ!"

ದೊಡ್ಡೀರಯ್ಯ ನೋಡಿಕೊಂಡ. ಸನ್ಮಾನಕ್ಕೆ ಶಾಲು ಹೊದಿಸಿದಂತೆ ಎರಡೂ ಹೆಗಲ ತುಂಬ ಕೆಂಪು ದುಂಬಿಗಳು!

ಈಗ ಇಬ್ಬರೂ ಮೊಣಕಾಲೂರಿ ಎಲೆ ಮಗುಚಿದರು. ಪ್ರತಿ ಎಲೆಯಡಿ ದುಂಬಿಗಳ ಊಟದ ಪಂಕ್ತಿ. ಬಿಸಿಲೇರಿದಾಗ ಊಜಿ ನೊಣಗಳು ಬಂದು ಹೀಚುಗಾಯಿಯ ಮೇಲೆ ಕೂತು, ಚುಚ್ಚಿ, ಮೊಟ್ಟೆಯಿಟ್ಟು ಹೋದವು. ಉದುರಿದ್ದ ಕೊಳೆ ಕಾಯಿ ಒಡೆದರೆ ಒಳಗೆ ಬಿಳಿ ಹುಳ ಪಿತಪಿತ.

ದೊಡ್ಡೀರಯ್ಯ ಅಲ್ಲೇ ಕುಕ್ಕರಿಸಿದ. "ಅಯ್ಯೋ ಗುಡ್ಡಣ್ಣ, ನನ್ನ ಮಗಳ ಮದುವೆಗೆ ಮುಂಚೆ ನೊಣದ ಮಕ್ಕಳ ತೊಟ್ಟಿಲ ಶಾಸ್ತ್ರ ನಡೆದುಹೋಗಿದೆ ಕಣಣ್ಣ! ದೃಷ್ಟಿ ತಾಗಿ ಕೆಟ್ಟಿದ್ದಲ್ಲ ಇದು. ತಾಗದೇ ಕೆಟ್ಟಿದ್ದು. ನನ್ನ ದೃಷ್ಟಿ!"

"ಸದ್ಯ, ಇವತ್ತಾದರೂ ತಾಗಿತಲ್ಲ. ಏಳು, ಬಳ್ಳಿಯಲ್ಲಿ ಇನ್ನೂ ಹೂವಿದೆ" ಎಂದ ಮರಿಗುಡ್ಡಯ್ಯ.

ಅಂದಿನಿಂದ ದೊಡ್ಡೀರಯ್ಯ ಬದು ಬಿಟ್ಟು ಹೊಲಕ್ಕಿಳಿದ. ಬೆಳಗಿನ ಚಳಿಗೆ ಮಂಕಾಗಿ ಕೂತಿರುವ ದುಂಬಿಗಳನ್ನು ಬಿಸಿಲು ಬರುವ ಮುಂಚೆ ಸೋಪಿನ ನೀರಿಗೆ ಉದುರಿಸಿದ. ಕೊಳೆ ಕಾಯಿಗಳನ್ನೆಲ್ಲ ಆರಿಸಿ ಆಳದ ಗುಂಡಿಯಲ್ಲಿ ಹೂತ. ಬೂದಿ ಎರಚಿದಂತೆ ಬೆಳ್ಳಗಾದ ಎಲೆಗಳನ್ನು ಕಿತ್ತು ಸುಟ್ಟ. ಅದು ರೋಗ ಎಂಬುದು ಅವನಿಗೆ ಆಗಷ್ಟೇ ತಿಳಿದದ್ದು. ಅಲ್ಲಿಯವರೆಗೆ ಬೂದುಗುಂಬಳವಾದ್ದರಿಂದ ಎಲೆಗೂ ಬೂದಿ ಎಂದುಕೊಂಡಿದ್ದ. ಬೇವಿನ ಕಷಾಯ ಹೊಡೆದದ್ದು ಸಂಜೆ ಮಾತ್ರ, ಏಕೆಂದರೆ ಬೆಳಗ್ಗೆ ಹೂವಿಗೆ ಜೇನು ಬರುತ್ತದೆ, ಜೇನು ಬಾರದಿದ್ದರೆ ಕಾಯಿಯೂ ಇಲ್ಲ, ಹಲ್ವವೂ ಇಲ್ಲ. ಹೆಣ್ಣು ನೊಣದ ವಾಸನೆಯಿಟ್ಟ ಡಬ್ಬಿಗಳನ್ನು ತೂಗುಹಾಕಿದ. ಗಂಡು ನೊಣಗಳೆಲ್ಲ ದಿಬ್ಬಣ ಕಟ್ಟಿಕೊಂಡು ಬಂದು ಅದರೊಳಗೇ ಉಳಿದವು. ಜವರಮ್ಮ ಹಳೆ ಸೀರೆ ಹರಿದು ಒಂದೊಂದು ಹೀಚಿಗೂ ಕುಲಾವಿ ತೊಡಿಸಿದಳು.

ಮದುವೆಯ ದಿನ ಬಂತು. ಗಾಡಿ ತುಂಬ ಕುಂಬಳ ಬಂತು! ಎಲ್ಲಕ್ಕಿಂತ ದೊಡ್ಡದನ್ನು ಪೇಟ ಸುತ್ತಿ ಜಗಲಿಯ ಮೇಲೆ ಕೂರಿಸಿದ್ದರು. ಬೀಗರ ಕಡೆಯ ಮುದುಕರೊಬ್ಬರಿಗೆ ಕಣ್ಣು ಮಂಜು. ಅವರು ಆ ಕುಂಬಳಕ್ಕೇ ಕೈಮುಗಿದು, "ಆರಾಮಾ ಯಜಮಾನರೇ?" ಎಂದರು. ಅದು ಸುಮ್ಮನಿತ್ತು. "ಈ ಮನೆಯಲ್ಲಿ ಮಾತು ಕಮ್ಮಿ ಆಡೋರು ಒಬ್ಬರಾದರೂ ಇದ್ದಾರಲ್ಲ!" ಎಂದು ಮುದುಕರಿಗೆ ಬಹಳ ಸಂತೋಷವಾಯಿತು.

ಎಲೆಗೆ ಕಾಶಿ ಹಲ್ವ ಬಿತ್ತು. ಮೊದಲ ತುತ್ತು ಮರಿಗುಡ್ಡಯ್ಯನ ಬಾಯಿಗೆ, ದೊಡ್ಡೀರಯ್ಯನ ಕೈಯಿಂದಲೇ. ಬೀಗರು ಎಲೆ ಎಷ್ಟು ಸ್ವಚ್ಛವಾಗಿ ಬಳಿದು ತಿಂದರೆಂದರೆ, ಎತ್ತಲು ಬಂದವರು ಇನ್ನೂ ಬಡಿಸಿಯೇ ಇಲ್ಲವೆಂದುಕೊಂಡು ವಾಪಸು ಹೋದರು.

ನೀತಿ: ಪಕ್ಕದವನ ಕಣ್ಣು ಬಿದ್ದು ಬೆಳೆ ಕೆಡುವುದಿಲ್ಲ, ನಮ್ಮ ಕಣ್ಣು ಬೀಳದೆ ಕೆಡುತ್ತದೆ. ಕಳ್ಳನನ್ನು ಬೇರೆಯವರ ಹೆಗಲ ಮೇಲೆ ಹುಡುಕುವ ಮುಂಚೆ ನಮ್ಮ ಹೊಲದ ಎಲೆ ಮಗುಚಿ ನೋಡಬೇಕು.

ಆಣೆ ಇಟ್ಟಿದ್ದೇನೆ, ಆದ್ದರಿಂದ ಒಂದು ಮಾತು. ಕುಂಬಳಕ್ಕೆ ಪೇಟ ಸುತ್ತಿದ್ದರು ಎಂದೆನಲ್ಲ, ಅದೊಂದು ಮಾತ್ರ ನಾನು ಸೇರಿಸಿದ್ದು. ಅದರ ತಲೆಗೆ ಸಾಲುವ ಪೇಟ ಇಡೀ ಊರಲ್ಲೇ ಇರಲಿಲ್ಲ.