ಗದೆಗೊಂದು ಮನೆ

"ಬುದ್ಧಿ, ನಮ್ಮ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಕಾಲೇಜಿನ ಒಳಗೇ ಒಂದು ಸ್ವಂತ ಸ್ಟೇಡಿಯಂ ಬೇಕೋ ಬೇಡ್ವೋ? ತಾವೇ ಅಪ್ಪಣೆ ಕೊಡಿಸಬೇಕು."

ಕೇಳಿದವನು ಮಠದ ಕಾಲೇಜಿನ ಕಾರ್ಯದರ್ಶಿ ಗುರುಮಲ್ಲಪ್ಪ. ಚಿಕ್ಕಂದಿನಲ್ಲಿ ಮಠದಲ್ಲೇ ಉಂಡು, ಮಠದಲ್ಲೇ ಓದಿದ ಹಳೆಯ ಶಿಷ್ಯ. ಬಾಯಲ್ಲಿ ಪ್ರಶ್ನೆ ಇತ್ತು, ಕಂಕುಳಲ್ಲಿ ಆಗಲೇ ನಕ್ಷೆಯ ಸುರುಳಿ ಇತ್ತು. ಆ ವರ್ಷ ಕಾಲೇಜಿನ ತಂಡ ವಿಶ್ವವಿದ್ಯಾಲಯದ ಕಪ್ ಗೆದ್ದಿತ್ತು.

"ಈಗ ಎಲ್ಲಿ ಆಡ್ತಾರಪ್ಪ?" ಎಂದರು ಗುರುಗಳು.

"ಸಂತೆಮಾಳದಲ್ಲಿ, ಬುದ್ಧಿ. ಕಷ್ಟ ಇರೋದೇ ಅಲ್ಲಿ. ಸಂತೆ ಇಲ್ಲದ ದಿನ ಅದು ಯಾರಪ್ಪನ ಆಸ್ತಿಯೂ ಅಲ್ಲ. ಗ್ಯಾರೇಜಿನೋರು, ಮಂಡಿ ಹಮಾಲರು, ಕಂಡಕಂಡೋರೆಲ್ಲ ಬಂದು ನಮ್ಮ ಹುಡುಗರ ಎದುರಿಗೆ ತಂಡ ಕಟ್ಕೊಂಡು ನಿಂತ್ಬಿಡ್ತಾರೆ. ಎಷ್ಟೋ ದಿನ ನಮ್ಮೋರನ್ನ ಸೋಲಿಸಿ ನಕ್ಕೊಂಡು ಹೋಗ್ತಾರೆ. ಕಪ್ ಗೆದ್ದ ಕಾಲೇಜಿಗೆ ಇದು ಒಪ್ಪುತ್ಯೆ? ನಮ್ಮದೇ ಆದ್ರೆ ಒಂದು ಕಾಂಪೌಂಡು, ಒಂದು ಗೇಟು ಅಂತ ಇರುತ್ತೆ."

ಗುರುಗಳು ನಕ್ಷೆಯನ್ನು ಕೇಳಲಿಲ್ಲ. ಕೂರುವಂತೆ ಸನ್ನೆ ಮಾಡಿ ಒಂದು ಕತೆ ಹೇಳಿದರು.

ಒಂದು ಊರು. ಊರ ಕೆರೆಯ ಹಿಂದೆ ಒಂದು ಬಯಲು. ಬಯಲಿನ ಮೂಲೆಯಲ್ಲಿ ಕೆಮ್ಮಣ್ಣಿನ ಒಂದು ಕುಸ್ತಿ ಅಖಾಡ. ಅದನ್ನು ಯಾರು ಮೊದಲು ತೋಡಿದರು ಎಂದು ಯಾರಿಗೂ ನೆನಪಿಲ್ಲ. ಪಕ್ಕದಲ್ಲಿ ಒಂದು ಕಲ್ಲು ನೆಟ್ಟು, ಎಣ್ಣೆ ಸವರಿ, ಅದನ್ನು ಹನುಮಂತ ಎಂದಿದ್ದರು. ಬೆಳಗಾದರೆ ಊರಿನ ಗಂಡಸರು ಅಲ್ಲಿ ಸೇರುತ್ತಿದ್ದರು. ಮೊದಲು ಬಂದವನು ಗುದ್ದಲಿ ಹಿಡಿದು ಮಣ್ಣು ಸಡಿಲ ಮಾಡಬೇಕು. ಆಮೇಲೆ ಬಂದವನು ಅವನೊಡನೆ ಕುಸ್ತಿ ಹಿಡಿಯಬೇಕು. ಅಲ್ಲಿದ್ದ ಕಟ್ಟುಪಾಡು ಅದೊಂದೇ.

ಆ ಊರಿನಲ್ಲಿ ಒಬ್ಬ ರೈತನಿದ್ದ. ಒಳ್ಳೆಯ ಪೈಲ್ವಾನ. ಊರಾಚೆಯ ಕೇರಿಯಲ್ಲಿ ಒಬ್ಬ ಕೂಲಿಯವನಿದ್ದ. ಅವನು ಇನ್ನೂ ಒಳ್ಳೆಯ ಪೈಲ್ವಾನ. ಕೂಲಿಯವನಿಗೆ ಹೊತ್ತು ಮೂಡಿದ ಮೇಲೆ ಬಿಡುವಿಲ್ಲ, ರೈತನಿಗೆ ಹೊತ್ತು ಮೂಡುವ ತನಕ ಮಲಗಿರುವ ಅಭ್ಯಾಸವಿಲ್ಲ. ಹಾಗಾಗಿ ಇಬ್ಬರೂ ದಿನವೂ ಜೋಡಿಯಾಗುತ್ತಿದ್ದರು. ಹತ್ತು ಸಲ ಹಿಡಿದರೆ ಏಳು ಸಲ ರೈತನ ಬೆನ್ನು ಮಣ್ಣಿಗೆ ತಾಕುತ್ತಿತ್ತು. ಕೂಲಿಯವನು ಅವನ ಕೈ ಹಿಡಿದು ಎಬ್ಬಿಸಿ, ಸೊಂಟ ಇನ್ನಷ್ಟು ತಗ್ಗಿಸಬೇಕು ಗೌಡರೆ, ಎನ್ನುತ್ತಿದ್ದ.

ಕೆಡವಿದವನೇ ಗೌಡರೆ ಎನ್ನುತ್ತಿದ್ದ, ಗಮನಿಸು. ಊರೊಳಗೆ ಎದುರಾದರೆ ಅವನು ದಾರಿಬಿಟ್ಟು ನಿಲ್ಲುತ್ತಿದ್ದ. ಬಯಲಿನಲ್ಲಿ ಮಾತ್ರ ಆ ಪದ್ಧತಿ ಇರಲಿಲ್ಲ. ಅದು ಯಾಕೆ ಹಾಗೆ ಎಂದು ಊರಿನಲ್ಲಿ ಯಾರೂ ಯೋಚಿಸಿರಲಿಲ್ಲ. ಯೋಚಿಸಿದ್ದರೆ ಅಂದೇ ನಿಲ್ಲಿಸುತ್ತಿದ್ದರು.

ಒಂದು ವರ್ಷ ರೈತ ಅರಮನೆಯ ಕುಸ್ತಿಗೆ ಹೋದ. ದಿನಕ್ಕೆ ಏಳು ಸಲ ಬೀಳುವವನನ್ನು ಬೀಳಿಸುವುದು ಸುಲಭವಲ್ಲ. ಬಂದವರನ್ನೆಲ್ಲ ಚಿತ್ ಮಾಡಿ ಬೆಳ್ಳಿಯ ಗದೆ ತಂದ. ಊರಿನವರು ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಕೂಲಿಯವನು ಮೆರವಣಿಗೆಯ ಹಿಂದೆ ನಡೆದು ಬಂದ, ಮತ್ತು ಎಲ್ಲರಿಗಿಂತ ಹೆಚ್ಚು ಅವನೇ ಹಿಗ್ಗಿದ್ದ.

ಗದೆ ಬಂದದ್ದೇ ತಡ, ಊರಿಗೆ ಬಯಲಿನ ಬಗ್ಗೆ ನಾಚಿಕೆ ಬಂತು. ಬೆಳ್ಳಿ ಗದೆಯನ್ನು ದನ ಮೇಯುವ ಜಾಗದಲ್ಲಿ ಇಡುವುದುಂಟೆ? ನೆರೆಯೂರಿನವರು ನೋಡಿದರೆ ಏನೆಂದಾರು? ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಗದೆಗೊಂದು ಮನೆ ಬೇಕು ಎಂದವನು ಅವನೇ. ತಾನೇ ಮುಂದೆ ನಿಂತು ಕಲ್ಲಿನ ಗರಡಿ ಕಟ್ಟಿಸಿದ. ನಾಲ್ಕು ಗೋಡೆ, ಒಂದು ಬಾಗಿಲು, ನೋಡುವವರಿಗೆ ಸುತ್ತಲೂ ಮೆಟ್ಟಿಲು. ಬಯಲಿನ ಕೆಮ್ಮಣ್ಣನ್ನು ಗಾಡಿಗೆ ತುಂಬಿ ತಂದು ಒಳಗೆ ಸುರಿದರು. ಗಾಡಿ ತುಂಬಿದವನು ಕೂಲಿಯವನು. ಇನ್ನು ಮಳೆ ಬಂದರೂ ಕುಸ್ತಿ ನಿಲ್ಲುವುದಿಲ್ಲ ಎಂದು ಅವನಿಗೆ ಸಂತೋಷವಾಗಿತ್ತು.

ಎಣ್ಣೆ ಸವರಿದ ಕಲ್ಲನ್ನೂ ಕಿತ್ತು ತಂದು ಗೂಡಿನಲ್ಲಿ ಕೂರಿಸಿದರು. ಬಯಲಿನಲ್ಲಿದ್ದಾಗ ಆ ಹನುಮಂತ ಯಾರನ್ನೂ ಏನೂ ಕೇಳಿದವನಲ್ಲ. ಒಳಗೆ ಬಂದದ್ದೇ ಮಡಿ ಕೇಳಿದ. ಪಾಪ, ಅವನೇನು ಮಾಡಿಯಾನು, ಕೇಳಿದವರು ಬೇರೆ, ಹೆಸರು ಅವನದು. ಬಯಲಿಗೆ ಹೊಸ್ತಿಲಿರಲಿಲ್ಲ, ಗರಡಿಗೆ ಇತ್ತು. ಹೊಸ್ತಿಲು ಇಟ್ಟ ಮೇಲೆ ಅದನ್ನು ಯಾರು ದಾಟಬೇಕು ಎಂಬ ಮಾತು ಬಂದೇ ಬರುತ್ತದೆ. ಗೃಹಪ್ರವೇಶದ ಮರುದಿನವೇ ಬಂತು.

ಕೂಲಿಯವನು ಎಂದಿನಂತೆ ಕಾಚ ಬಿಗಿದು ಬಂದು ಹೊಸ್ತಿಲ ಆಚೆ ನಿಂತಿದ್ದ. ಹಿರಿಯರು ಕೆಟ್ಟವರಲ್ಲ. ಅವನನ್ನು ಗದರಲಿಲ್ಲ, ಅಟ್ಟಲಿಲ್ಲ. ನೀನಿಲ್ಲದಿದ್ದರೆ ನಮಗೆ ಆಗುತ್ತದೆಯೇ ಎಂದು ಅಕ್ಕರೆಯಿಂದ ಒಳಗೇ ಕರೆದರು. ಕರೆದು ಕೈಗೆ ಗುದ್ದಲಿ ಕೊಟ್ಟರು. ಗದೆ ಗೆದ್ದ ಊರಿನ ಪೈಲ್ವಾನರು ಇನ್ನು ಮಣ್ಣು ಅಗೆಯಬಾರದು, ಅದು ಅವರ ಮರ್ಯಾದೆಗೆ ಕಡಿಮೆ ಎಂದು ತೀರ್ಮಾನವಾಗಿತ್ತು. ಪೈಲ್ವಾನರು ಬರುವಷ್ಟರಲ್ಲಿ ಅವನು ಮಣ್ಣು ಅಗೆದು, ಹೆಂಟೆ ಒಡೆದು, ಎಣ್ಣೆ ಮಜ್ಜಿಗೆ ಅರಿಸಿನ ಬೆರೆಸಿ ಹೊರಟುಹೋಗಬೇಕು. ಆ ಮಣ್ಣನ್ನು ಅವನು ಕಾಲಿನಲ್ಲಿ ತುಳಿಯಬಹುದು, ಕೈಯಲ್ಲಿ ಹದ ಮಾಡಬಹುದು. ಅದರ ಮೇಲೆ ಕುಸ್ತಿ ಹಿಡಿಯಬಾರದು. ಅಗೆದಾಗ ಕೆಡದ ಮಣ್ಣು ಕುಸ್ತಿ ಹಿಡಿದರೆ ಕೆಡುತ್ತದಂತೆ. ಇಂಥ ಶಾಸ್ತ್ರ ನಮ್ಮ ನಾಡಿನಲ್ಲಲ್ಲದೆ ಇನ್ನೆಲ್ಲಿ ಹುಟ್ಟೀತು ಹೇಳು. ಕೂಲಿಯವನು ಗುದ್ದಲಿ ತೆಗೆದುಕೊಂಡ.

ರೈತ ಇದನ್ನೆಲ್ಲ ನೋಡಿದ. ಅವನಿಗೆ ಬೇಸರವಾಯಿತು. ಬೇಸರ ಮಾಡಿಕೊಂಡು ಸುಮ್ಮನಿದ್ದ. ನಮ್ಮಲ್ಲಿ ಒಳ್ಳೆಯವರು ಎನಿಸಿಕೊಂಡವರು ಮಾಡುವುದು ಇಷ್ಟೇ, ನಾನು ಬಹಳ ವರ್ಷದಿಂದ ನೋಡುತ್ತಿದ್ದೇನೆ.

ಗರಡಿಯಲ್ಲಿ ರೈತನಿಗೆ ವ್ಯಾಪಾರಿಯ ಮಕ್ಕಳು ಜೋಡಿಯಾದರು, ಪಟೇಲನ ಅಳಿಯ ಜೋಡಿಯಾದ. ಅವರು ಹಿಡಿಯುತ್ತಿದ್ದರು, ಬೀಳುತ್ತಿದ್ದರು, ಎದ್ದು ಮೈ ಒರೆಸಿಕೊಳ್ಳುತ್ತಿದ್ದರು. ಮೆಟ್ಟಿಲ ಮೇಲೆ ಕೂತವರು ದಿನವೂ ಭೇಷ್ ಎನ್ನುತ್ತಿದ್ದರು. ವರ್ಷಗಟ್ಟಲೆ ರೈತನ ಬೆನ್ನಿಗೆ ಮಣ್ಣು ತಾಕಲಿಲ್ಲ. ಊರು ಅದನ್ನು ಕೀರ್ತಿ ಎಂದುಕೊಂಡಿತು. ರೈತನಿಗೆ ಮಾತ್ರ ಒಳಗೊಳಗೇ ಅಳುಕು. ತನ್ನ ತೋಳಿನಲ್ಲಿ ಏನೋ ಕಡಿಮೆಯಾಗುತ್ತಿದೆ ಎಂದು ಅವನಿಗೆ ತಿಳಿದಿತ್ತು.

ಒಂದು ದಿನ ಅವನು ಎಲ್ಲರಿಗಿಂತ ಮೊದಲೇ ಗರಡಿಗೆ ಬಂದ. ಕೂಲಿಯವನು ಅಗೆಯುತ್ತಿದ್ದ. ಒಂದೇ ಒಂದು ಸಲ ಹಿಡಿ ಎಂದು ರೈತ ಕೇಳಿದ.

ಕೂಲಿಯವನು ಬಾಗಿಲ ಕಡೆ ನೋಡಿದ. "ಇಲ್ಲಿ ಬ್ಯಾಡಿ ಗೌಡ್ರೆ, ನನ್ ಕೆಲ್ಸ ಹೋಯ್ತದೆ. ಬಯಲ್‌ಗೆ ಬನ್ನಿ, ಅಲ್ಲಿ ಹಿಡ್ಯವ. ಕೇರಿಯೋರೆಲ್ಲ ಅಲ್ಲೇ ಹಿಡ್ಯದು."

ನಿಜ, ಕೇರಿಯವರು ಹಳೆಯ ಗುಂಡಿಯನ್ನು ಬಿಟ್ಟಿರಲಿಲ್ಲ. ಕೆಮ್ಮಣ್ಣು ಹೋಗಿ ಅಲ್ಲಿ ಗೊರಚು ನೆಲ ಉಳಿದಿತ್ತು. ಬಿದ್ದರೆ ಮೈ ತರಚುತ್ತಿತ್ತು, ಆದ್ದರಿಂದ ಅವರು ಸುಲಭವಾಗಿ ಬೀಳುತ್ತಿರಲಿಲ್ಲ. ರೈತ ನಾಳೆ ಬರುತ್ತೇನೆ ಎಂದ. ಮರುದಿನ ಹೊರಟೂ ಹೊರಟ. ಕೆರೆಯ ಏರಿಯ ತನಕ ಹೋದ. ಗದೆ ಗೆದ್ದವನು ಗೊರಚಿನಲ್ಲಿ ಕೇರಿಯವರ ಕೈಲಿ ಬೀಳುವುದನ್ನು ಯಾರಾದರೂ ಕಂಡರೆ, ಎಂದುಕೊಂಡ. ಏರಿಯಿಂದಲೇ ತಿರುಗಿ ಬಂದ. ಕೂಲಿಯವನು ಆ ದಿನ ಹೊತ್ತೇರುವ ತನಕ ಕಾದಿದ್ದ.

ಆಮೇಲೆ ಹೊರಗಿನಿಂದ ಒಬ್ಬ ಪೈಲ್ವಾನ ಬಂದ. ಬೆಳ್ಳಿ ಗದೆಗೆ ಒಂದು ಕಟ್ಟಳೆಯಿತ್ತು. ಗದೆಯಿರುವ ಊರಿಗೆ ಯಾರು ಬಂದು ಕೇಳಿದರೂ ಕುಸ್ತಿ ಕೊಡಬೇಕು. ಊರಿನವನು ಸೋತರೆ ತಮಟೆಯನ್ನು ಮೂರು ಸುತ್ತು ಬಾರಿಸುತ್ತಾರೆ. ಅಷ್ಟರೊಳಗೆ ಆ ಊರಿನ ಇನ್ನೊಬ್ಬ ಅಖಾಡಕ್ಕೆ ಇಳಿಯಬಹುದು. ಯಾರೂ ಇಳಿಯದಿದ್ದರೆ ಗದೆ ಬಂದವನ ಪಾಲು.

ಊರಿಗೆ ಊರೇ ಬಂದು ಮೆಟ್ಟಿಲ ಮೇಲೆ ಕೂತಿತು. ಕೂಲಿಯವನು ಗುದ್ದಲಿ ಹಿಡಿದು ಬಾಗಿಲ ಹೊರಗೆ ನಿಂತಿದ್ದ. ನಡುವೆ ಮಣ್ಣು ಗಟ್ಟಿಯಾದರೆ ಅವನು ಬೇಕಾಗುತ್ತದಲ್ಲ. ಆದರೆ ಮಣ್ಣು ಗಟ್ಟಿಯಾಗುವಷ್ಟು ಹೊತ್ತು ಕುಸ್ತಿ ನಡೆಯಲಿಲ್ಲ. ಹೊರಗಿನವನು ಎರಡನೆಯ ಪಟ್ಟಿಗೇ ರೈತನನ್ನು ಕೆಡವಿ ಎದೆಯ ಮೇಲೆ ಕೂತ. ರೈತ ಮಲಗಿದ್ದಲ್ಲಿಂದಲೇ ಬಾಗಿಲ ಕಡೆ ನೋಡಿದ. ತಮಟೆ ಶುರುವಾಯಿತು.

ಮೊದಲ ಸುತ್ತು ಮುಗಿಯುವಷ್ಟರಲ್ಲಿ ರೈತ ಎದ್ದು ಬಂದು ವ್ಯಾಪಾರಿಯ ಮುಂದೆ ಕೈಮುಗಿದ. "ಯಜಮಾನ್ರೆ, ಅವನ್ನ ಕರೀರಿ. ನನ್ನ ಪೈಲ್ವಾನ ಮಾಡ್ದೋನು ಅವನೇಯ. ಇವನ್ನ ಕೆಡವೋ ತಾಕತ್ತು ಈ ಊರಲ್ಲಿ ಅವನೊಬ್ಬನಿಗೇ ಇರೋದು."

ವ್ಯಾಪಾರಿ ದನಿ ಏರಿಸಲಿಲ್ಲ. "ನೀನು ಸೋತ್ರೆ ಒಬ್ಬ ಸೋತಂಗಾಯ್ತು. ಅವನು ಗೆದ್ರೆ ಊರೇ ಸೋತಂಗೆ. ಗದೆ ಹೋದ್ರೆ ಹೋಗ್ಲಿ ಬಿಡು. ಗರಡಿ ಉಳೀತದಲ್ಲ."

ಎರಡನೆಯ ಸುತ್ತು ಮುಗಿಯಿತು. ತಮಟೆ ಬಾರಿಸುವವನೂ ಅದೇ ಕೇರಿಯವನು. ಮೂರನೆಯ ಸುತ್ತನ್ನು ಅವನು ಎಳೆದ. ಒಂದು ಪೆಟ್ಟು ಹೊಡೆದು, ಬಾಗಿಲು ನೋಡಿ, ಇನ್ನೊಂದು ಪೆಟ್ಟು ಹೊಡೆದ. ಕೂಲಿಯವನು ಗುದ್ದಲಿಯನ್ನು ಗೋಡೆಗೆ ಒರಗಿಸಿದ. ಒಂದು ಕಾಲನ್ನು ಹೊಸ್ತಿಲ ಮೇಲೆ ಇಟ್ಟ. ದಿನವೂ ದಾಟುತ್ತಿದ್ದ ಹೊಸ್ತಿಲು ಅದು. ಮೆಟ್ಟಿಲ ಮೇಲೆ ಸಾವಿರ ಜನ. ಒಬ್ಬರು, ಒಬ್ಬರೇ ಒಬ್ಬರು ಬಾ ಎಂದಿದ್ದರೆ ಸಾಕಿತ್ತು. ಅವನು ಒಂದೊಂದೇ ಮುಖ ನೋಡಿದ. ರೈತನ ಮುಖವನ್ನೂ ನೋಡಿದ. ಕೇಳುವಷ್ಟು ಕೇಳಿದ್ದಾಯಿತು ಎಂದುಕೊಂಡು ರೈತ ತಲೆ ತಗ್ಗಿಸಿದ್ದ. ತಮಟೆಯವನ ಕೈ ಸೋತಿತು. ಕೊನೆಯ ಪೆಟ್ಟೂ ಬಿತ್ತು.

ಹೊರಗಿನವನು ಗೋಡೆಯಿಂದ ಗದೆ ಇಳಿಸಿಕೊಂಡ. ಹೋಗುವಾಗ ಬಾಗಿಲ ಬಳಿ ಕೂಲಿಯವನ ಹೆಗಲನ್ನೂ ತೋಳನ್ನೂ ಒಮ್ಮೆ ನೋಡಿದ. ಪೈಲ್ವಾನನನ್ನು ಕಂಡರೆ ಪೈಲ್ವಾನನಿಗೆ ತಿಳಿಯುತ್ತದೆ. ಏನನ್ನೂ ಕೇಳದೆ, ಊರ ಗಡಿ ದಾಟುವ ತನಕ ಬೇಗ ಬೇಗ ನಡೆದ.

ಮರುದಿನ ಕೂಲಿಯವನು ಎಂದಿನ ಹೊತ್ತಿಗೆ ಬಂದು ಮಣ್ಣು ಅಗೆದ. ಹೆಂಟೆ ಒಡೆದ. ಮಜ್ಜಿಗೆ ಬೆರೆಸಿದ. ಗೋಡೆಯಲ್ಲಿ ಗದೆ ತೂಗುಹಾಕಿದ್ದ ಮೊಳೆ ಉಳಿದಿತ್ತು. ಊರಿನವರು ಈಗಲೂ ಆ ಮೊಳೆಗೆ ಹೂವಿನ ಹಾರ ಹಾಕುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. ಗುರುಮಲ್ಲಪ್ಪನಿಗೆ ಸಿಟ್ಟು ಬಂದಿತ್ತು. ಬೇರೆ ಊರಿನ ಮೇಲೆ ಸಿಟ್ಟು ಬರುವುದು ಸುಲಭ.

"ಎಂಥಾ ಜನ, ಬುದ್ಧಿ. ಸಾವಿರ ಜನ ಕೂತಿದ್ರು ಅಂತೀರಿ. ತಪ್ಪು ಅಂತ ಒಂದು ಮಾತು ಹೇಳೋಕೆ ಆ ಊರಲ್ಲಿ ಗುರು ಅನ್ನೋರು ಒಬ್ಬರೂ ಇರ್ಲಿಲ್ವೆ?"

"ಇದ್ರಪ್ಪ," ಎಂದರು ಗುರುಗಳು, "ಮುಂದಿನ ಸಾಲಿನಲ್ಲೇ ಕೂತಿದ್ರು."